ಆಕಾಶ ಹವಾಲ್ದಾರನ ಬೆಂಚು

ಆ ಶುಕ್ರವಾರ ಬೆಳಿಗ್ಗೆ ರಾಮರ್ ಬಾಯಿಗೆ ಇನ್ನೆರಡು ವೀಳ್ಯದೆಲೆ ಹೆಚ್ಚಾಗಿ ತುರುಕಿಕೊಂಡಿದ್ದರೆ ಹವಾಲ್ದಾರ್ ಕರುಪ್ಪಯ್ಯನ ಮಾನ ಇನ್ನಷ್ಟು ವರ್ಷ ಬಾಳುತ್ತಿತ್ತು. ಆದರೆ ರಾಮರ್ ಪಟಾಲಮ್ಮಿನಲ್ಲಿ ಕಹಳೆ ಊದುತ್ತಿದ್ದವನು. ಪಿಂಚಣಿಗೆ ಕಳಿಸುವಾಗ ಸರ್ಕಾರ ಅವನಿಂದ ಕಹಳೆಯನ್ನು ವಾಪಸು ಇಸಿದುಕೊಂಡಿತೇ ಹೊರತು ಊದುವ ಅಭ್ಯಾಸವನ್ನಲ್ಲ.

"ಮಾಮೋ, ಸೇದಿ ಕೇಳಿದ್ರಾ?" ಎಂದು ಸುದ್ದಿಯನ್ನು ಬೀದಿಯಿಂದಲೇ ಊದಿದ. "ವತ್ತಲಗುಂಡಿಂದ ಪೇಚ್ಚಿಯಮ್ಮಾಳಕ್ಕ ಬಂದವ್ಳೆ, ನಿಮ್ಮ ಮುತ್ತಯ್ಯನ ಹೆಂಡ್ರು! ತಂಗಿ ಮನೇಲಿ ಇಳ್ಕೊಂಡವ್ಳೆ. ಇವತ್ತು ಸಂಗಕ್ಕೆ ಬತ್ತಾಳಂತೆ. ಬಲೂನ್ ಕತೇನ ನಿಮ್ಮ ಬಾಯಲ್ಲೇ ಕೇಳ್ಬೇಕಂತೆ!"

"ಬರ್ಲಿ ಬರ್ಲಿ," ಎಂದ ಕರುಪ್ಪಯ್ಯ. ಕೈಯಲ್ಲಿದ್ದ ಅಂಬಲಿಯ ಬಟ್ಟಲನ್ನು ಮಾತ್ರ ಕುಡಿಯದೆ ಕೆಳಗಿಟ್ಟ.

ತೇನಿಯ ಬಂಡಿಪೇಟೆಯ ಹುಣಸೆಮರದಡಿ ಪ್ರತಿ ಶುಕ್ರವಾರ ಮಧ್ಯಾಹ್ನ ಪಿಂಚಣಿ ಸಿಪಾಯಿಗಳ ಸಂಗ ಸೇರುತ್ತಿತ್ತು. ಯಾರ ಮಂಡಿ ನೋಯುತ್ತಿದೆ, ಯಾರ ಎಮ್ಮೆ ಕರು ಹಾಕಿತು, ಪೆರಿಯಾರ್ ಅಣೆಕಟ್ಟೆಯ ಹೊಸ ನೀರು ಯಾರ ಗದ್ದೆಯವರೆಗೆ ಬಂತು ಎಂಬ ವರ್ತಮಾನಗಳಾದ ಮೇಲೆ ಒಬ್ಬರು ತಮ್ಮ ಯುದ್ಧದ ಕತೆ ಹೇಳಬೇಕು. ಸಂಗದ ಕಟ್ಟಳೆಗಳು ಕಟ್ಟುನಿಟ್ಟು. ಊರೊಳಗೇ ಕಾವಲು ಕಾದವರಿಗೆ ಬರಿ ನೆಲ, ಕಡಲು ದಾಟಿದವರಿಗೆ ಚಾಪೆ, ಆಕಾಶಕ್ಕೆ ಹೋದವನಿಗೆ ಬೆಂಚು. ಹೇಳುವವನು ಅಂಗೈಯಲ್ಲಿ ಚಿಟಿಕೆ ಉಪ್ಪು ಹಿಡಿದು, ತಿಂದ ಉಪ್ಪಿನ ಆಣೆ ಇಟ್ಟು ಹೇಳಬೇಕು, ಸಾಕ್ಷಿಯ ಹೆಸರನ್ನೂ ಹೇಳಬೇಕು. ಬೆಂಚಿನ ಮೇಲೆ ಕೂರುತ್ತಿದ್ದವನು ಕರುಪ್ಪಯ್ಯ ಒಬ್ಬನೇ. ಅವನ ಸಾಕ್ಷಿ ಮುತ್ತಯ್ಯ.

ಹನ್ನೊಂದು ವರ್ಷದ ಹಿಂದೆ ಇಬ್ಬರೂ ಮದ್ರಾಸಿನ ಗುದ್ದಲಿ ಪಟಾಲಮ್ಮಿನ ಜೊತೆ ಕೆಂಪು ಸಮುದ್ರದ ದಡದ ಸುವಾಕಿನ್ ಎಂಬ ಮರಳುಗಾಡಿಗೆ ಹೋಗಿದ್ದರು. ಆ ಸಲ ದಂಡಿನವರು ಒಂದು ಬಲೂನು ತಂದಿದ್ದರು. ಕಣಜದಷ್ಟು ದೊಡ್ಡ ರೇಷ್ಮೆ ಬುರುಡೆ, ಕೆಳಗೆ ಒಂದು ಬುಟ್ಟಿ, ಹಿಡಿದುಕೊಳ್ಳಲು ಹಗ್ಗ. ಕರುಪ್ಪಯ್ಯ ಅದರಲ್ಲಿ ಹತ್ತಿದ, ಮುತ್ತಯ್ಯ ಕೆಳಗೆ ಹಗ್ಗ ಹಿಡಿದಿದ್ದ. ಇದು ತೇನಿಗೆ ಗೊತ್ತಿದ್ದ ಕತೆ.

ನಿಜವಾಗಿ ನಡೆದದ್ದು ತಿರುಗಾಮುರುಗಾ. ಬಲೂನು ಹಾರಿದ ದಿನ ಕರುಪ್ಪಯ್ಯ ಭೇದಿ ಹತ್ತಿ ಗುಡಾರದಲ್ಲಿ ಬಿದ್ದಿದ್ದ. ಸಂಜೆ ಮುತ್ತಯ್ಯ ಬಂದು ಪಕ್ಕದಲ್ಲಿ ಕೂತು, ಬಿಳಿ ದೊರೆಯ ಜೊತೆ ತಾನು ಹತ್ತಿದೆನೆಂದೂ, ಒಂಟೆಗಳು ಇರುವೆಗಳಂತೆ, ಕಡಲು ಒಣಹಾಕಿದ ನೀಲಿ ಸೀರೆಯಂತೆ ಕಂಡವೆಂದೂ ಒಂದೂ ಬಿಡದೆ ಹೇಳಿದ. ಊರಿಗೆ ಬಂದ ಮೇಲೆ ಕರುಪ್ಪಯ್ಯ ಅದನ್ನು ಒಂದು ಮದುವೆ ಮನೆಯಲ್ಲಿ "ಅವನು" ಎಂದು ಶುರುಮಾಡಿ, ಕೇಳುವವರ ಕಣ್ಣರಳಿದ್ದನ್ನು ನೋಡಿ, ಅರ್ಧದಾರಿಯಲ್ಲಿ "ನಾನು" ಮಾಡಿಬಿಟ್ಟ. ಮೀಸೆಗೆ ಮೋಡದ ತೇವ ಹತ್ತಿದ್ದೊಂದನ್ನು ತನ್ನ ಕಡೆಯಿಂದ ಸೇರಿಸಿದ. ಆವತ್ತಿನಿಂದ ವತ್ತಲಗುಂಡಿನ ಕಡೆ ತಲೆ ಹಾಕಲಿಲ್ಲ. ಮೂರು ವರ್ಷದ ಹಿಂದೆ ಮುತ್ತಯ್ಯ ತೀರಿಕೊಂಡಾಗಲೂ ಹೋಗಲಿಲ್ಲ. ಆ ದಿನ ಅತ್ತನೆಂಬುದು ನಿಜ. ಸತ್ತ ಸಾಕ್ಷಿ ತಿರುಗಿ ಮಾತಾಡುವುದಿಲ್ಲ ಎಂದು ಒಳಗೊಳಗೇ ನಿಟ್ಟುಸಿರು ಬಿಟ್ಟನೆಂಬುದೂ ನಿಜ. ಆ ನಿಟ್ಟುಸಿರು ಅಂದಿನಿಂದ ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಈಗ ಹೆಂಡತಿ ಬಂದಿದ್ದಾಳೆ. ಆಕಾಶಕ್ಕೆ ಹೋದ ಗಂಡನನ್ನು ಹಗ್ಗಕ್ಕೆ ಕಟ್ಟಿದ್ದನ್ನು ಅವಳು ಕೇಳಿ ಸುಮ್ಮನಿರುತ್ತಾಳೆಯೇ?

ಕರುಪ್ಪಯ್ಯ ಎರಡು ಈರುಳ್ಳಿ ಹೆಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಕಂಬಳಿ ಹೊದ್ದು ಮಲಗಿದ. ಮೈ ಕಾದಿತು. ಹೆಂಡತಿ ಪಾಪಮ್ಮಾಳ್ ಹಣೆ ಮುಟ್ಟಿ ನೋಡಿ, ಮೂಗರಳಿಸಿ ಕಿರುಚಿದಳು.

"ಅಯ್ಯಯ್ಯೋ, ಕಾಯ್ಚಲು! ಬೆವರೆಲ್ಲಾ ಈರುಳ್ಳಿ ನಾರ್ತದೆ, ಇದು ವಿಷದ ಕಾಯ್ಚಲು!"

ನೆಲಬೇವಿನ ಕಷಾಯ ಬಂತು. ಅದರ ಹಿಂದೆ ಇಡೀ ಬೀದಿ ಬಂತು. ಒಬ್ಬಳು ಬೇವಿನಸೊಪ್ಪು ಬೀಸಿದಳು, ಒಬ್ಬಳು ಮೆಣಸು ಅರೆದು ಹಣೆಗೆ ಮೆತ್ತಿದಳು. ಕಣ್ಣಿಗೆ ಮೆಣಸು ಇಳಿದು ಹವಾಲ್ದಾರ್ ಅತ್ತದ್ದನ್ನು ನೋಡಿ ಮೂರನೆಯವಳು, "ಪಾವ, ಹೆಂಡ್ರನ್ನ ಬಿಟ್ಟೋಗ್ಬೇಕಲ್ಲಾ ಅಂತ ಅಳ್ತವ್ರೆ," ಎಂದಳು. ಪಾಪಮ್ಮಾಳೂ ಅಳತೊಡಗಿದಳು.

ರಾಮರ್ ಮತ್ತೆ ಬಂದ. "ಭಯಪಡ್ಬೇಡಿ ಮಾಮಾ! ಯಾರಾನ ಹಾಸಿಗೆ ಹಿಡಿದ್ರೆ ಸಂಗವೇ ಅವರ ಜಗಲಿಗೆ ಬರ್ಬೇಕು ಅಂತ ಕಟ್ಟಳೆ ಮಾಡ್ದೋರೇ ನೀವಲ್ವಾ? ಬೆಂಚು ಹೊತ್ಕೊಂಡು ಬತ್ತವ್ರೆ. ಪೇಚ್ಚಿಯಮ್ಮಾಳಕ್ಕನಿಗೂ ಇಲ್ಲಿಗೇ ಬಾ ಅಂತ ಹೇಳಿ ಕಳ್ಸಿವ್ನಿ."

ತಾನು ಮಾಡಿದ ಕಟ್ಟಳೆ ತನ್ನ ಕುತ್ತಿಗೆಗೇ ಬಂದಿತ್ತು. ಹೆಂಗಸರು ಕಷಾಯಕ್ಕೆ ಎರಡನೆಯ ಸಲ ಒಲೆ ಊದುತ್ತಿದ್ದಾಗ ಹವಾಲ್ದಾರ್ ಹಿತ್ತಲ ಬೇಲಿ ಹಾರಿದ. ಹಿಂದಿನ ಓಣಿಯಲ್ಲಿ ಚಿನ್ನತಂಬಿಯ ಹುಲ್ಲಿನ ಬಂಡಿ ನಿಂತಿತ್ತು, ಬೆಟ್ಟದ ಬುಡದ ಬೋಡಿಗೆ ಹೊರಡುವ ಬಂಡಿ. ಚಿನ್ನತಂಬಿ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಕರುಪ್ಪಯ್ಯ ಹುಲ್ಲಿನಡಿ ನುಸುಳಿ ಉಸಿರು ಬಿಗಿಹಿಡಿದ. ಬಂಡಿ ಹೊರಟಿತು. ಬೋಡಿಮೆಟ್ಟಿನ ಘಟ್ಟ ಹತ್ತಿ ಆಚೆ ಹೋಗಿಬಿಟ್ಟರೆ ಏಲಕ್ಕಿ ಕಾಡಿನಲ್ಲಿ ಒಂದು ವಾರ ಕಳೆಯಬಹುದು ಎಂದುಕೊಂಡ.

ಒಂದು ಫರ್ಲಾಂಗು ಹೋಗುವುದರೊಳಗೆ ಬಂಡಿ ನಿಂತಿತು. ಹೆಂಗಸಿನ ದನಿ ಕೇಳಿತು. "ತಂಬಿ, ಬಲೂನ್ ಹವಾಲ್ದಾರಣ್ಣನ ಮನೆ ಯಾವ ಕಡೆ? ಹುಷಾರಿಲ್ಲವಂತೆ. ಸೀಕ್ರ ಹೋಗ್ಬೇಕಿತ್ತು."

"ಹತ್ಕೊಳ್ಳಿ ಅಕ್ಕಾ. ಹವಾಲ್ದಾರ್ರಿಗೆ ಅಂದ್ರೆ ಬೋಡಿ ಎಲ್ಲೂ ಓಡ್ಹೋಗಲ್ಲ," ಎಂದು ಚಿನ್ನತಂಬಿ ಎತ್ತುಗಳನ್ನು ತಿರುಗಿಸಿದ.

ಪೇಚ್ಚಿಯಮ್ಮಾಳ್ ಹತ್ತಿ, ಹುಲ್ಲಿನ ಮೇಲೆ, ಅಂದರೆ ಸುಮಾರಾಗಿ ಹವಾಲ್ದಾರನ ಮೊಣಕಾಲಿನ ಮೇಲೆ ಕೂತಳು. ಅವಳು ದಾರಿಯುದ್ದಕ್ಕೂ ತನ್ನಷ್ಟಕ್ಕೆ, "ಇವರೂ ಹೋಗ್ಬಿಟ್ರೆ ನಾನು ಯಾರ ಹತ್ರ ಹೇಳ್ಲಿ," ಎನ್ನುತ್ತಿದ್ದಳು. ಕರುಪ್ಪಯ್ಯನಿಗೆ ಸೀನು ಬಂತು. ಮೂಗು ಹಿಡಿದ, ಎಂಟೂ ದಿಕ್ಕಿನ ದೇವರನ್ನೆಲ್ಲ ನೆನೆದ. ಬಂಡಿ ಅವನ ಮನೆಯ ಮುಂದೆಯೇ ನಿಂತಾಗ ಸೀನು ತಡೆಯದೆ ಸಿಡಿಯಿತು. ಹುಲ್ಲು ಹಾರಿತು. ಜಗಲಿಯ ತುಂಬ ನೆರೆದಿದ್ದ ಸಂಗದ ಎದುರು, ತಲೆಯ ಮೇಲೆ ಹುಲ್ಲು, ಹಣೆಯ ಮೇಲೆ ಮೆಣಸು, ಕಂಕುಳಿಂದ ಉದುರಿದ ಈರುಳ್ಳಿ ಸಹಿತ ಹವಾಲ್ದಾರ್ ಎದ್ದು ನಿಂತ.

"ಕಾಯ್ಚಲು ತಲೆಗೇರಿದೆ," ಎಂದು ರಾಮರ್ ತೀರ್ಪು ಕೊಟ್ಟ. ನಾಲ್ವರು ಎತ್ತಿ ತಂದು ಬೆಂಚಿನ ಮೇಲೆ ಕೂರಿಸಿದರು. ಅಂಗೈಗೆ ಉಪ್ಪು ಹಾಕಿದರು.

ಪೇಚ್ಚಿಯಮ್ಮಾಳ್ ನೆಲದ ಮೇಲೆ ಕೂತು ಸೆರಗು ಹೊದ್ದಳು. "ಹೇಳಿ ಅಣ್ಣೇ. ಇದಕ್ಕಾಗೇ ಬಂದಿವ್ನಿ."

ಕರುಪ್ಪಯ್ಯ ಬಾಯಿ ತೆರೆದ. ನೂರಾರು ಸಲ ಹೇಳಿದ ಕತೆ, ನಿದ್ದೆಯಲ್ಲೂ ತಪ್ಪದ ಕತೆ. ಆದರೆ ಅವಳ ಬೋಳು ಕುತ್ತಿಗೆ ನೋಡಿದ. ಗುಡಾರದಲ್ಲಿ ತನ್ನ ಹಾಸಿಗೆಯನ್ನು ಅಸಹ್ಯಪಡದೆ ತೊಳೆದವನ ಹೆಂಡತಿ. ಅಂಗೈಯ ಬೆವರಿಗೆ ಉಪ್ಪು ಕರಗಿ ಮಣಿಕಟ್ಟಿಗೆ ಇಳಿಯಿತು.

"ನಾನು ಹೋಗ್ಲಿಲ್ಲ ತಂಗಿ," ಎಂದ. "ನಿನ್ನ ಗಂಡ ಹೋದ. ನಾನು ಗುಡಾರದಲ್ಲಿ ಬಿದ್ದಿದ್ದೆ. ಅವನು ಹೇಳ್ದ ಕತೇನ ಕದ್ದು, ಅವನನ್ನೇ ಹಗ್ಗಕ್ಕೆ ನಿಲ್ಲಿಸ್ದೆ. ಹತ್ತು ವರ್ಷ ಅವನ ಬೆಂಚಲ್ಲಿ ಕೂತೆ. ಮುಖ ತೋರ್ಸೋಕೆ ನಾಚ್ಕೊಂಡು ಅವನು ಸತ್ತಾಗ್ಲೂ ಬರ್ಲಿಲ್ಲ."

ಪಾಪಮ್ಮಾಳ್ ಕಷಾಯದ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಏನೇ ಆಗಲಿ, ನಿಜ ಹೇಳಿದೆ, ಮುತ್ತಯ್ಯನದನ್ನು ಮುತ್ತಯ್ಯನಿಗೆ ಕೊಟ್ಟೆ ಎಂದು ಕರುಪ್ಪಯ್ಯನ ಎದೆ ಒಂದು ಗಳಿಗೆ ಹಗುರಾಯಿತು.

ಪೇಚ್ಚಿಯಮ್ಮಾಳ್ ಅವನನ್ನೇ ನೋಡುತ್ತಿದ್ದಳು. "ಅಣ್ಣೇ," ಎಂದಳು, "ಅವ್ರೂ ಹೋಗ್ಲಿಲ್ಲವಲ್ಲಾ!"

"ಏನಂದೆ?"

"ದೊರೆ ಒಬ್ರೇ ಹತ್ತಿದ್ದಂತೆ, ಎರಡು ಮರಳು ಮೂಟೆ ಜೊತೆ. ಇವ್ರು ಹಗ್ಗ ಹಿಡಿದ್ರು, ಅಷ್ಟೇ. ನೀವು ಸಾಯೋ ಹಂಗೆ ಬಿದ್ದಿದ್ರಲ್ಲಾ, ಒಂಚೂರು ಮನಸು ಹಗುರಾಗ್ಲಿ ಅಂತ ಪೊಯ್ಯಿ, ಬರೀ ಸುಳ್ಳು, ಹೇಳಿದ್ರಂತೆ. ಆಮೇಲೆ ನೀವೇ ಹತ್ತಿದ್ರಿ ಅಂತ ಊರಿಗೆ ಸೇದಿ ಬಂತು. ಇವ್ರು ನಂಬ್ಬಿಟ್ರು. 'ಇನ್ನೊಂದು ದಿನ ದೊರೆ ಅವನನ್ನ ಕರ್ಕೊಂಡು ಹೋಗಿರ್ಬೇಕು ಕಣೇ. ಹಗ್ಗ ಹಿಡ್ದೋನು ನಾನು ಅಂತ ನನ್ನ ಹೆಸರೂ ಸೇರ್ಸವ್ನೆ, ಎಂಥಾ ಮನಸು! ನಿಜವಾಗಿ ಹಾರ್ದೋನ ಮುಂದೆ ಪೊಯ್ಯಿ ಹೇಳ್ದೋನು ಯಾವ ಮುಖ ಇಟ್ಕೊಂಡು ನಿಲ್ಲಲಿ' ಅಂತ ಈ ಕಡೆ ಬರ್ಲೇ ಇಲ್ಲ. ಸಾಯೋವಾಗ, ನನ್ನ ಪರವಾಗಿ ನೀನು ತಪ್ಪಾಯ್ತು ಅಂತ ಕೇಳ್ಕೊಂಡು, ಹಂಗೇ ಆ ಕತೇನ ಒಂದ್ಸಾರಿ ಪೂರ್ತಿ ಕೇಳ್ಕೊಂಡು ಬಾ ಅಂದ್ರು."

ಕರುಪ್ಪಯ್ಯ ಬೆಂಚಿನಿಂದ ತಾನಾಗಿಯೇ ಜಾರಿ ನೆಲಕ್ಕೆ ಬಂದ. ಹತ್ತು ವರ್ಷ ಬಚ್ಚಿಟ್ಟುಕೊಂಡ ಕದ್ದ ಮಾಲು, ನೋಡಿದರೆ ಅದೂ ಖೋಟಾ.

"ಹಂಗಾದ್ರೆ," ಎಂದು ರಾಮರ್ ಗಂಟಲು ಸರಿಪಡಿಸಿಕೊಂಡ, "ಕಟ್ಟಳೆ ಪ್ರಕಾರ ಬೆಂಚು ಮರಳು ಮೂಟೆಗೆ ಸೇರ್ಬೇಕು."

ಪೇಚ್ಚಿಯಮ್ಮಾಳ್ ಮೂಗು ಒರೆಸಿಕೊಂಡು, "ಪೊಯ್ಯಿ ಆದ್ರೂ ಸರಿ ಅಣ್ಣೇ, ಹೇಳಿ. ಅವ್ರಿಗೆ ಮಾತು ಕೊಟ್ಟಿವ್ನಿ," ಎಂದಳು. ಕರುಪ್ಪಯ್ಯ ಆಗದೆಂದು ತಲೆ ಅಲ್ಲಾಡಿಸಿದ. ಬಾಗಿಲಲ್ಲಿದ್ದ ಪಾಪಮ್ಮಾಳೇ ಕೊನೆಗೆ, "ಒಂಟೆಯೆಲ್ಲಾ ಇರುವೆ ಹಂಗೆ ಕಾಣ್ತಿದ್ವಂತೆ," ಎಂದು ಶುರುಮಾಡಿದಳು. ಚಾಪೆಯ ಮೇಲಿದ್ದವರೊಬ್ಬರು ಕಡಲಿನ ನೀಲಿ ಸೀರೆ ಬಿಡಿಸಿದರು, ಚಿನ್ನತಂಬಿ ಮೀಸೆಗೆ ಮೋಡ ಹತ್ತಿಸಿದ. ಎಲ್ಲರಿಗೂ ಬಾಯಿಪಾಠವಾಗಿತ್ತು. ಕೇಳಲೇಬೇಕಾಗಿದ್ದ ಒಬ್ಬನು ಮಾತ್ರ ಅಲ್ಲಿರಲಿಲ್ಲ. ವತ್ತಲಗುಂಡು ಒಂದು ಹಗಲಿನ ಬಂಡಿದಾರಿ. ಸಂಗ ಕೂರುತ್ತಿದ್ದ ಹುಣಸೆಮರದಡಿಯಿಂದಲೇ ಆ ಕಡೆಗೆ ಬಂಡಿಗಳು ಹೋಗುತ್ತಿದ್ದವು. ಹತ್ತು ವರ್ಷದಲ್ಲಿ ಒಂದೇ ಒಂದು ಸಲ ಹತ್ತಿ ಕೂತಿದ್ದರೆ ಇಬ್ಬರು ಸುಳ್ಳರೂ ಒಬ್ಬರ ಹೆಗಲು ಒಬ್ಬರು ಹಿಡಿದು ಹೊಟ್ಟೆ ತುಂಬ ನಕ್ಕು, ಗೆಳೆಯರಾಗಿಯೇ ಮುದುಕರಾಗುತ್ತಿದ್ದರು. ಈ ಯೋಚನೆ ಬಂದಾಗ ಕರುಪ್ಪಯ್ಯ ಮೆಣಸಿನ ನೆವವಿಲ್ಲದೆಯೇ ಅತ್ತ.

ಮುಂದಿನ ಶುಕ್ರವಾರ ಅವನು ಹುಣಸೆಮರದಡಿಗೆ ಹೋದಾಗ ಬೆಂಚಿನ ಮೇಲೆ ಬಾಯಿ ಕಟ್ಟಿದ ಒಂದು ಮರಳು ಮೂಟೆ ನೆಟ್ಟಗೆ ಕೂತಿತ್ತು. ರಾಮರ್ ಕೆಮ್ಮಿದ. ಹವಾಲ್ದಾರ್ ಹಿಮ್ಮಡಿ ಜೋಡಿಸಿ ಮೂಟೆಗೆ ಸಲಾಮು ಹೊಡೆದು, ಹೋಗಿ ಬರಿ ನೆಲದ ಮೇಲೆ ಕೂತ.