ಮೂವತ್ತು ಟೆಂಪೆ ಎಲ್ಲಿ ಹೋದವು?

ಸಹಕಾರ ಸಂಘದವರು ಸಣ್ಣ ಅಂಗಡಿಯವರಿಗಾಗಿ ಮೂರು ದಿನ ಹಣಕಾಸಿನ ತರಬೇತಿ ಇಟ್ಟಿದ್ದರು. ವಾಲುಯೊ ಅಲ್ಲಿಗೆ ಹೋದದ್ದು ಊಟದ ಡಬ್ಬಿಯ ಆಸೆಗೆ. ವಾಪಸ್ ಬಂದದ್ದು ಮಾತ್ರ ಮಹಾಮಂತ್ರಿಯ ಹಾಗೆ. ಕಂಕುಳಲ್ಲಿ ಹಸಿರು ಪುಸ್ತಕ, ಕಿವಿಯ ಮೇಲೆ ಪೆನ್ನು.

ಸೋಲೋ ಊರಿನ ಆ ಗಲ್ಲಿಯಲ್ಲಿ ಅವನ ಹೆಂಡತಿ ಪೋನಿರಾ ಹದಿನೆಂಟು ವರ್ಷದಿಂದ ಸೋತೊ ಅಂಗಡಿ ನಡೆಸುತ್ತಿದ್ದಳು. ಬಿಸಿ ಅನ್ನ, ಅದರ ಮೇಲೆ ಕೋಳಿ ಸಾರು, ಪಕ್ಕದ ತಟ್ಟೆಯಲ್ಲಿ ಸೋಯಾ ಕಾಳು ಹುದುಗಿಸಿ ಮಾಡಿ ಆಗತಾನೆ ಕರಿದ ಟೆಂಪೆ ಬಿಲ್ಲೆಗಳು. ಬೆಳಗ್ಗೆ ಆರಕ್ಕೆ ಒಲೆ ಹಚ್ಚಿದರೆ ಹನ್ನೊಂದಕ್ಕೆ ಪಾತ್ರೆ ಖಾಲಿ. ವಾಲುಯೊನ ಕೆಲಸ ಬೆಂಚಿನಿಂದ ಬೆಂಚಿಗೆ ಹೋಗಿ ಗಿರಾಕಿಗಳ ಜೊತೆ ಮಾತಾಡುವುದು. (ಅದಕ್ಕೆ ಅವನು ಇಟ್ಟ ಹೆಸರು ಮೇಲ್ವಿಚಾರಣೆ.)

"ಏನು ಕಲಿಸಿದ್ರು ಮಾಸ್?" ಪೋನಿರಾ ಈರುಳ್ಳಿ ಹೆಚ್ಚುತ್ತಾ ಗಂಡನನ್ನು ಕೇಳಿದಳು.

ವಾಲುಯೊ ಗಂಟಲು ಸರಿಮಾಡಿಕೊಂಡ. "ಮೊದಲನೇ ಸೂತ್ರ. ಅಂಗಡಿ ಬೇರೆ, ಅಂಗಡಿಯವನು ಬೇರೆ. ಎರಡನೇದು, ಅಂಗಡಿಯಿಂದ ಹೊರಗೆ ಹೋಗೋ ಪ್ರತಿಯೊಂದಕ್ಕೂ ಲೆಕ್ಕ ಇರಬೇಕು. ಮೂರನೇದು, ಕೊಡಕ್ಕೆ ನೀರು ತುಂಬೋಕೆ ಮುಂಚೆ ತೂತು ಹುಡುಕಬೇಕು."

"ನಾಲ್ಕನೇದು?"

"ಅಷ್ಟರಲ್ಲಿ ಊಟ ಬಂತು."

ಪೋನಿರಾ ನಗಲಿಲ್ಲ. ತೂತಿನ ಮಾತು ಅವಳಿಗೆ ತಾಕಿತು. ಅಂಗಡಿಯ ಪಕ್ಕದ ಖಾಲಿ ಜಾಗ ಹಜ್ ಯಾತ್ರೆ ಮಾಡಿ ಬಂದ ಬು ಮರ್ಫುವಾ ಎಂಬ ಹಾಜಮ್ಮನದು. (ಆ ಗಲ್ಲಿಯಲ್ಲಿ ಮರ್ಯಾದೆಗೆ ಹೆಂಗಸರಿಗೆ ಬು, ಗಂಡಸರಿಗೆ ಪಾಕ್ ಎನ್ನುತ್ತಾರೆ.) ಮೂವತ್ತು ಲಕ್ಷ ರೂಪಿಯಾ ಮುಂಗಡ ಯಾರು ತಂದರೆ ಅವರಿಗೆ ಜಾಗ. ತಿಂಗಳ ಕೊನೆಯವರೆಗೆ ಪೋನಿರಾಳಿಗಾಗಿ ಕಾಯುತ್ತೇನೆ, ಆಮೇಲೆ ಮಾಂಸದುಂಡೆ ಸೂಪಿನವನಿಗೆ ಕೊಡುತ್ತೇನೆ ಎಂದು ಆಕೆ ಹೇಳಿ ಹೋಗಿದ್ದಳು. ಗಿರಾಕಿಗಳು ಕೂರಲು ಜಾಗವಿಲ್ಲದೆ ಬಾದಾಮಿ ಮರದ ಕೆಳಗೆ ಬಟ್ಟಲು ಹಿಡಿದು ನಿಲ್ಲುವುದನ್ನು ನೋಡಿ ನೋಡಿ ಪೋನಿರಾಳ ಹೊಟ್ಟೆ ಉರಿಯುತ್ತಿತ್ತು. ಎರಡು ಬೆಂಚು ಹಾಕುವಷ್ಟು ಜಾಗ ಸಿಕ್ಕರೆ ಸಾಕು. ಕೂಡಿಟ್ಟದ್ದು ಇಪ್ಪತ್ತೆರಡು ಲಕ್ಷ. ಎಂಟು ಲಕ್ಷ ಕಡಿಮೆ.

"ದಿನಾ ನೂರಿಪ್ಪತ್ತು ಟೆಂಪೆ ಕರೀತೀನಿ. ತೊಂಬತ್ತರ ದುಡ್ಡು ಬರುತ್ತೆ," ಎಂದಳು.

ಒಂದು ಬಿಲ್ಲೆಗೆ ಒಂದು ಸಾವಿರ. ವಾಲುಯೊ ಪುಸ್ತಕ ತೆಗೆದು, ನಾಲಗೆ ಕಚ್ಚಿಕೊಂಡು ಬರೆದ. ದಿನಕ್ಕೆ ಮೂವತ್ತು ಸಾವಿರ. ತಿಂಗಳು ಈಗಷ್ಟೇ ಶುರುವಾಗಿದೆ. ಇಪ್ಪತ್ತೇಳು ದಿನಕ್ಕೆ ಎಂಟು ಲಕ್ಷದ ಹತ್ತು ಸಾವಿರ!

"ಇದೇ ತೂತು! ಜನ ಐದು ತಿಂದು ಒಂದು ಅಂತಿದ್ದಾರೆ!"

ಆ ಗಲ್ಲಿಯ ಪದ್ಧತಿಯೇ ಹಾಗೆ. ತಟ್ಟೆ ಎದುರಿಗಿರುತ್ತದೆ, ಬೇಕಾದಷ್ಟು ತಿನ್ನುವುದು, ಏಳುವಾಗ ಎಷ್ಟು ತಿಂದೆ ಎಂದು ತಾವೇ ಹೇಳಿ ದುಡ್ಡು ಕೊಡುವುದು. ಅಂಗಡಿಯವರು ಎಣಿಸುವುದಿಲ್ಲ. ಎಣಿಸಿದರೆ ನಿಮ್ಮನ್ನು ನಂಬಲಾರೆ ಎಂದು ಮುಖಕ್ಕೆ ಹೇಳಿದ ಹಾಗೆ.

"ಗಿರಾಕಿ ಬಾಯಿ ಎಣಿಸ್ತೀರಾ? ನಾಳೆ ನಾನು ಗಲ್ಲೀಲಿ ತಲೆ ಎತ್ತಿ ಓಡಾಡೋದು ಬೇಡ್ವಾ?"

"ಗೊತ್ತಾಗದ ಹಾಗೆ ಎಣಿಸ್ತೀನಿ. ಇದು ಶಾಸ್ತ್ರ, ನಿನಗೆ ಅರ್ಥ ಆಗಲ್ಲ."

ಮಾರನೇ ದಿನ ವಾಲುಯೊ ಒಂದು ಕೈಯಲ್ಲಿ ಹುಣಸೆಬೀಜ, ಇನ್ನೊಂದರಲ್ಲಿ ಹಾಲಿನ ಪುಡಿಯ ಡಬ್ಬಿ ಹಿಡಿದು ಗಿರಾಕಿಗಳ ಬೆನ್ನ ಹಿಂದೆ ಸುಳಿದಾಡಿದ. ಯಾರಾದರೂ ಟೆಂಪೆ ಎತ್ತಿದರೆ ಡಬ್ಬಿಗೆ ಒಂದು ಬೀಜ. ಟಣ್! ಗೊತ್ತಾಗದ ಹಾಗೆ ಎಂದಿದ್ದನಲ್ಲ, ಇಡೀ ಗಲ್ಲಿಗೆ ಕೇಳಿಸಿತು. ಬಾಯಿಗೆ ಹೋಗುತ್ತಿದ್ದ ಟೆಂಪೆಗಳು ಅರ್ಧ ದಾರಿಯಲ್ಲಿ ನಿಂತವು. ಇಬ್ಬರು ಹೆಂಗಸರು ಹೊಟ್ಟೆ ತುಂಬಿತು ಎಂದು ಅರ್ಧ ಬಟ್ಟಲು ಬಿಟ್ಟು ಎದ್ದರು. ಪೋನಿರಾ ಸಾರಿನ ಪಾತ್ರೆಯ ಹಿಂದಿನಿಂದ ಕಣ್ಣಲ್ಲೇ ಬೈದಳು.

ಆಗ ಎದ್ದವರು ಪಾಕ್ ಜುಮಾದಿ. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದ ಹಿರಿಯರು, ದಿನಾ ಬರುವವರು. "ಒಂದು ಸೋತೊ, ಮೂರು ಟೆಂಪೆ," ಎಂದು ದುಡ್ಡು ನೀಡಿದರು.

"ಸುಳ್ಳು!" ವಾಲುಯೊ ಡಬ್ಬಿ ಎತ್ತಿ ಹಿಡಿದ. "ನಾನು ಪಕ್ಕದಲ್ಲೇ ನಿಂತು ಎಣಿಸಿದ್ದೀನಿ ಪಾಕ್! ನೀವು ತಿಂದಿದ್ದು ಎರಡು!"

ಎಲ್ಲರೂ ತಿರುಗಿ ನೋಡಿದರು. ತಾನು ಹಿಡಿದ ಕಳ್ಳತನ ಯಾವ ಜಾತಿಯದೆಂದು ವಾಲುಯೊಗೂ ಆಗ ಯೋಚನೆ ಬಂತು.

"ಎರಡು ತಿಂದು... ಮೂರು ಅಂದ್ರಾ?"

ಪಾಕ್ ಜುಮಾದಿ ಮರ್ಯಾದಸ್ತರು. ಬಟ್ಟಲನ್ನೇ ನೋಡುತ್ತಾ, "ಒಂದು... ಹಾಗೇ ಆಯ್ತು ಬಿಡಿ," ಎಂದರು.

ಟೈಲರ್ ಗಿಯೊನೊಗೆ ಅಷ್ಟು ಮರ್ಯಾದೆ ಇರಲಿಲ್ಲ. "ನೀವೇ ತಿಂದ್ರಿ ಪಾಕ್ ವಾಲುಯೊ! ಎಣಿಸೋಕೆ ಬಗ್ಗಿದ್ರಲ್ಲ, ಅವಾಗ ಅವರ ಮುಂದಿದ್ದದ್ದು ಎತ್ತಿ ಬಾಯಿಗೆ ಹಾಕ್ಕೊಂಡ್ರಿ. ಇನ್ನೂ ಗಡ್ಡದ ಮೇಲೆ ಚೂರು ಅಂಟಿದೆ ನೋಡಿ."

ವಾಲುಯೊ ಗಡ್ಡ ಮುಟ್ಟಿ ನೋಡಿದ. ಇತ್ತು.

"ದಿನಾ ಪಕ್ಕದಲ್ಲಿ ಕೂತು ಊರ ಸುದ್ದಿ ಹೇಳ್ತಾ ಹೇಳ್ತಾ ಎತ್ತುತೀರಿ," ಗಿಯೊನೊ ಮುಂದುವರಿಸಿದ. "ಬು ಪೋನಿರಾಗೆ ನಷ್ಟ ಆಗಬಾರ್ದು ಅಂತ ನಾವೇ ಒಂದು ಸೇರಿಸಿ ಹೇಳ್ತೀವಿ. ನಾನು ಎರಡು ಸೇರಿಸ್ತೀನಿ, ನನ್ನ ಹತ್ರ ನೀವು ಜಾಸ್ತಿ ಹೊತ್ತು ಕೂರ್ತೀರಿ."

ಬೆಂಚಿಗೆ ಬೆಂಚೇ ತಲೆಯಾಡಿಸಿತು. ಹಾಗಾದರೆ ಆ ತೊಂಬತ್ತರಲ್ಲೂ ವಾಲುಯೊನ ಪಾಲಿತ್ತು. ಮಿಕ್ಕ ಮೂವತ್ತು ಪೂರ್ತಿ ಅವನ ಖಾತೆಯದೇ.

ಗಿರಾಕಿಗಳು ಹೋದ ಮೇಲೆ ವಾಲುಯೊ ಮೆಲ್ಲಗೆ ಕೇಳಿದ. "ಮೂವತ್ತಾ? ಸಾಧ್ಯಾನೇ ಇಲ್ಲ."

"ಬಾಣಲೆ ಮುಂದೆ ಹತ್ತು," ಪೋನಿರಾ ಬೆರಳು ಮಡಿಚಿದಳು.

"ರುಚಿ ನೋಡಬೇಕಲ್ವಾ?"

"ಬಾಣಲೆಗೆ ಒಂದು ನೋಡಿದ್ರೆ ಸಾಕು ಮಾಸ್. ನೀವು ಬಿಲ್ಲೆ ಬಿಲ್ಲೆಗೂ ನೋಡ್ತೀರಿ. ಆಮೇಲೆ ನಿಮ್ಮ ಪಾರಿವಾಳ ನೋಡೋಕೆ ಬರೋ ಸ್ನೇಹಿತರಿಗೆ ಒಂದು ತಟ್ಟೆ. ಅವರು ಹೋಗೋವಾಗ ಪೊಟ್ಟಣ. ಬೇಲಿನೇ ಎದ್ದು ಹೊಲ ಮೇದ್ರೆ ಯಾರಿಗೆ ಹೇಳೋದು?"

"ನಿನಗೆ ಗೊತ್ತಿತ್ತಾ?"

"ಹದಿನೆಂಟು ವರ್ಷದಿಂದ."

"ಮತ್ತೆ ಹೇಳಬಾರ್ದಿತ್ತಾ!"

"ಗಂಡ ತಿನ್ನೋದನ್ನ ಎಣಿಸ್ತಾಳೆ ಅಂತ ಊರು ನಗಲ್ವಾ? ಈಗ ನೀವೇ ಶಾಸ್ತ್ರ ತಂದಿದ್ದೀರಿ. ಅಂಗಡಿ ಬೇರೆ, ನೀವು ಬೇರೆ. ಸಿಗರೇಟಿಗೆ ಅಂತ ದಿನಾ ಇಪ್ಪತ್ತು ಸಾವಿರ ಕೊಡ್ತೀನಲ್ಲ, ನಾಳೆಯಿಂದ ತಿಂದಿದ್ದಕ್ಕೆ ಅದರಲ್ಲೇ ಕೊಡಿ. ಸ್ನೇಹಿತರದ್ದೂ ಸೇರಿಸಿ."

ಮೊದಲ ದಿನ ವಾಲುಯೊ ಅಭ್ಯಾಸಬಲದಿಂದ ಹದಿನೇಳು ಟೆಂಪೆ ತಿಂದ. ಉಳಿದ ಮೂರು ಸಾವಿರಕ್ಕೆ ಎರಡು ಬಿಡಿ ಸಿಗರೇಟು ಬಂತು. ಎರಡನೇ ದಿನ ಸ್ನೇಹಿತರಿಗೆ ತಟ್ಟೆ ಕೊಡಿಸಿದ. ಆ ದಿನ ಸಿಗರೇಟೇ ಇಲ್ಲ. ಮೂರನೇ ದಿನ ಸ್ನೇಹಿತರಿಗೆ ಬರೀ ನೀರು ಕೊಟ್ಟ. ನಾಲ್ಕನೇ ದಿನದಿಂದ ಅವರಿಗೆ ಪಾರಿವಾಳದ ಮೇಲಿದ್ದ ಪ್ರೀತಿ ತಣ್ಣಗಾಯಿತು. ವಾರ ಕಳೆಯುವಷ್ಟರಲ್ಲಿ ವಾಲುಯೊನ ನಾಲಗೆ ಎರಡೇ ಬಿಲ್ಲೆಯಲ್ಲಿ ರುಚಿ ತಿಳಿಯುವುದನ್ನು ಕಲಿಯಿತು. ಗಿರಾಕಿಗಳೂ ತಿಂದದ್ದನ್ನಷ್ಟೇ ಹೇಳತೊಡಗಿದರು. ಸೇರಿಸುವ ಹೊರೆ ತಪ್ಪಿದ ಖುಷಿಗೆ ಇನ್ನೊಂದೊಂದು ಜಾಸ್ತಿ ತಿಂದರು. ತಟ್ಟೆ ದಿನಾ ಖಾಲಿ, ನೂರಿಪ್ಪತ್ತರ ದುಡ್ಡೂ ಪೆಟ್ಟಿಗೆಯಲ್ಲಿ.

ತಿಂಗಳ ಕೊನೆಯ ದಿನ ಪೋನಿರಾ ಮೂವತ್ತು ಲಕ್ಷ ಎಣಿಸಿ ಬು ಮರ್ಫುವಾಳ ಕೈಗಿಟ್ಟಳು. ಹಾಜಮ್ಮ ಎರಡು ಸಲ ಎಣಿಸಿ, "ಮಾಂಸದುಂಡೆಯವನಿಗೆ ಬೇರೆ ಕಡೆ ನೋಡ್ಕೋ ಅಂತೀನಿ," ಎಂದಳು. ಹಾಜಮ್ಮ ಹೋದ ಮೇಲೆ ಪೋನಿರಾ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಈರುಳ್ಳಿ ಎಂದಳು. ಆ ಹೊತ್ತಿಗೆ ಈರುಳ್ಳಿ ಯಾರೂ ಹೆಚ್ಚುತ್ತಿರಲಿಲ್ಲ.

ಹೊಸ ಬೆಂಚು ಬಂದ ಬೆಳಗ್ಗೆ ವಾಲುಯೊ ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ಹಾಕಿಕೊಂಡು ಅದರ ನಟ್ಟನಡುವೆ ಕೂತ. ಈ ಬೆಂಚಿನ ಒಂದು ಕಾಲಾದರೂ ನನ್ನ ಹೊಟ್ಟೆ ಕಟ್ಟಿದ್ದರಿಂದ ಬಂದದ್ದು ಎಂಬ ಅಭಿಮಾನ ಅವನಿಗೆ. ಸೋತೊ ಕುಡಿದ, ಎರಡು ಟೆಂಪೆ ತಿಂದ, ದುಡ್ಡು ಕೊಟ್ಟ, ಕಾಲು ಚಾಚಿದ. ಅಷ್ಟರಲ್ಲಿ ಬಾಟಿಕ್ ಕಾರ್ಖಾನೆಯ ಆರು ಜನ ಹೆಂಗಸರು ಬಂದು ನಿಂತರು.

"ಮಾಸ್, ತಿಂದಾಯ್ತಾ?" ಒಲೆಯ ಹಿಂದಿನಿಂದ ಪೋನಿರಾ ಕೇಳಿದಳು.

"ಆಯ್ತು. ಸಾರು ಚೆನ್ನಾಗಿದೆ."

"ದುಡ್ಡು ಕೊಟ್ರಾ?"

"ಕೊಟ್ಟೆನಲ್ಲ!"

"ಮತ್ತೆ ಯಾಕೆ ಕೂತಿದ್ದೀರಿ? ಗಿರಾಕಿ ನಿಂತಿದ್ದಾರೆ, ಏಳಿ."

ವಾಲುಯೊ ಖಾಲಿ ಬಟ್ಟಲು ಹಿಡಿದು ಬಾದಾಮಿ ಮರದ ಕೆಳಗೆ ಹೋಗಿ ನಿಂತ. ಅವನು ಎದ್ದ ಜಾಗದಲ್ಲಿ ಇಬ್ಬರು ಕೂತರು. ಇನ್ನೂ ಸ್ವಲ್ಪ ಜಾಗ ಮಿಕ್ಕಿತು.