ಅತ್ತಿಗೆ ಕಾವಲಿಟ್ಟ ಕ್ಯಾಮೆರಾ

ನಮ್ಮ ಅತ್ತಿಗೆ ಲೋಕದಲ್ಲಿ ಯಾರನ್ನೂ ನಂಬುವುದಿಲ್ಲ. ಮನುಷ್ಯರ ಮಾತು ಬಿಡಿ, ಕ್ಯಾಮೆರಾವನ್ನೂ ನಂಬುವುದಿಲ್ಲ!

ಜೆ.ಪಿ. ನಗರದ ಪುಟ್ಟ ಕಂಪನಿಯೊಂದರಲ್ಲಿ ಡ್ರೈವರ್, ಅಂದರೆ ಯಂತ್ರಗಳನ್ನು ಕಂಪ್ಯೂಟರಿನ ಮಾತು ಕೇಳಿಸುವ ಪ್ರೋಗ್ರಾಂ, ಬರೆಯುವುದು ಆಕೆಯ ಕೆಲಸ. ಪಕ್ಕದ ಮನೆ ಅಂಕಲ್ ಅರ್ಧ ಮಾತ್ರ ಕೇಳಿಸಿಕೊಂಡು, "ಏರ್‌ಪೋರ್ಟ್‌ಗೆ ಬರ್ತೀರಾ ಮೇಡಂ?" ಎಂದರು.

"ಬರ್ತೀನಿ ಅಂಕಲ್, ಗಾಡಿ ನೀವೇ ಓಡಿಸ್ಬೇಕು ಅಷ್ಟೆ!"

ಅಮ್ಮನಿಗೂ ಒಮ್ಮೆ ವಿವರಿಸಿದಳು: "ಕಣ್ಣು ಪರೀಕ್ಷೆ ಮಾಡೋ ಕ್ಯಾಮೆರಾ ಇದೆಯಲ್ಲ ಅತ್ತೆ, ಅದು ಚಿತ್ರಾನ ತಾನೇ ಕಂಪ್ಯೂಟರ್ ಮೆಮರಿಗೆ ಬರಿಯತ್ತೆ. ಹಾಗೇ ಬಿಟ್ರೆ ಯಾರ ಜಾಗಕ್ಕೆ ಬೇಕಾದ್ರೂ ನುಗ್ಗತ್ತೆ. ಮಧ್ಯೆ ಮೆಮರಿ ಮ್ಯಾನೇಜ್‌ಮೆಂಟ್ ಯುನಿಟ್ ಅಂತ ಒಬ್ಬ ಕಾವಲುಗಾರ ಇದಾನೆ. ಕ್ಯಾಮೆರಾನ ಅವನಿಗೆ ಜೋಡಿಸ್ತಿದೀನಿ. ಮೂರು ತಿಂಗಳಾಯ್ತು."

"ನಿನ್ನ ಮದುವೆ ಜೋಡಿಸೋಕೇ ಮೂರು ವಾರ ಸಾಕಾಯ್ತಲ್ಲೇ!"

ಜೋಡಿಸಿದೊಡನೆ ಕ್ಯಾಮೆರಾ ಕಲ್ಲಿನಂತೆ ನಿಂತುಬಿಡುತ್ತಿತ್ತು. ಬನಶಂಕರಿಯ ಕಣ್ಣಿನ ಕ್ಲಿನಿಕ್ಕಿನಲ್ಲಿ ಡೆಮೋ ಹತ್ತಿರವಾದಂತೆ ಬಾಸ್ ತಾಳ್ಮೆಗೆಟ್ಟರು. "ಕಾವಲುಗಾರನ್ನ ತೆಗೆದುಹಾಕಿ ಮೇಡಂ. ಸಖತ್ತಾಗಿ ಓಡತ್ತೆ!"

"ಒಬ್ರ ಕಣ್ಣು ಇನ್ನೊಬ್ರ ಫೈಲಿಗೆ ಬಿದ್ರೆ ಸಾರ್?"

"ಡೆಮೋದಲ್ಲಿ ಯಾರ್ರೀ ನೋಡ್ತಾರೆ?"

"ಡಾಕ್ಟ್ರು ನೋಡ್ತಾರೆ. ಮಿಷನ್ ಇರೋದೇ ಅದಕ್ಕಲ್ವಾ?"

ಬಾಸ್ ಕೆಲಸದಿಂದ ತೆಗೆಯುವುದಾಗಿ ಗದರಿದರು. ಅತ್ತಿಗೆ ಜಗ್ಗಲಿಲ್ಲ. ಡೆಮೋಗೆ ಎರಡು ದಿನವಿದೆ ಎನ್ನುವಾಗ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದವಳು ನನ್ನತ್ತ ತಿರುಗಿ ಕಿರುಚಿದಳು: "ಉಲ್ಟಾ ಬರ್ದಿದೀನಿ ಕಣೋ! ಮೊದಲು ಕ್ಯಾಮೆರಾ ಶುರು ಮಾಡಿ ಆಮೇಲೆ ಜೋಡಿಸ್ತಿದೀನಿ. ಮೊದಲು ಜೋಡಿಸಿ ಆಮೇಲೆ ಶುರು ಮಾಡ್ಬೇಕಿತ್ತು!" ಎರಡು ಸಾಲು ಅದಲುಬದಲು, ಅಷ್ಟೇ! ಎಣ್ಣೆಗೈಯಲ್ಲೇ ಟೈಪ್ ಮಾಡಿದ್ದರಿಂದ ಆ ಲ್ಯಾಪ್‌ಟಾಪ್ ಈಗಲೂ ಕೊಬ್ಬರಿಯ ವಾಸನೆ ಹೊಡೆಯುತ್ತದೆ.

ಡೆಮೋ ದಿನ ಅಮ್ಮನೂ ನಾನೂ ನೋಡಲು ಹೋಗಿದ್ದೆವು. ಹೊಸ ಯಂತ್ರದ ಮುಂದೆ ಕೂರಲು ಎಲ್ಲರೂ ಹಿಂದೆಮುಂದೆ ನೋಡಿದರು. "ನಮ್ಮ ಹುಡುಗಿ ಮಾಡಿದ್ದು, ಏನಾಗತ್ತೆ?" ಎಂದು ನಮ್ಮಮ್ಮನೇ ಹೋಗಿ ಕೂತಳು. ಚಿತ್ರ ಸ್ಪಷ್ಟವಾಗಿ ಬಂತು. ಬಾಸ್ ಚಪ್ಪಾಳೆ ತಟ್ಟಿದರು. ಡಾಕ್ಟರು ಮಾತ್ರ ತಟ್ಟಲಿಲ್ಲ.

"ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳೀತಿದೆ. ಶುರುವಲ್ಲೇ ಸಿಕ್ಕಿತು, ಚಿಕಿತ್ಸೆ ಮಾಡಿದ್ರೆ ದೃಷ್ಟಿ ಉಳಿಯತ್ತೆ."

ಅತ್ತಿಗೆಯ ಮುಖ ಬಿಳಿಚಿಕೊಂಡಿತು. "ಡಾಕ್ಟ್ರೇ, ಇದು ಬೇರೆಯವರ ಚಿತ್ರ ಇರ್ಬೇಕು. ನನ್ನ ಡ್ರೈವರೇ ತಪ್ಪಿರ್ಬೋದು. ಇನ್ನೊಂದ್ಸಲ ತೆಗೀರಿ, ಪ್ಲೀಸ್."

ಮೂರು ಸಲ ತೆಗೆದರು. ಮೂರೂ ಸಲ ಅಮ್ಮನ ಕಣ್ಣೇ.

ಪರೀಕ್ಷೆಗೆಂದು ಕಣ್ಣಿಗೆ ಹಾಕಿದ್ದ ಔಷಧಿಯಿಂದ ಅಮ್ಮನಿಗೆ ಎದುರಿನದೆಲ್ಲ ಮಸುಕು. "ಯಾರೇ ಅಳ್ತಿರೋದು?" ಎಂದಳು.

"ಯಾರೂ ಇಲ್ಲ ಅತ್ತೆ. ನೆಗಡಿ."

ಅಮ್ಮ ಗಾಳಿಯಲ್ಲಿ ತಡವಿ ತಡವಿ ಅವಳ ಕೆನ್ನೆ ಹುಡುಕಿ, ಸೆರಗಿನಿಂದ ಒರೆಸಿದಳು.