ಕೇಪಿನ ಕೋವಿಯೂ ತಿನ್ನದ ಮೊಟ್ಟೆಯೂ

ನನ್ನ ರಿವಾಲ್ವರಿಗೆ ಪರರ ಕೈ ಸೋಕಬಾರದು!

೨೦೧೬ರ ಯುಗಾದಿಯ ದಿನ, ಫ್ರಿಸ್ಕೋದ ನಮ್ಮ ಮನೆಯ ಗ್ಯಾರೇಜಿನಲ್ಲಿ ನಿಂತು ನಾನು ಕೈಗೊಂಡ ಭೀಷ್ಮ ಪ್ರತಿಜ್ಞೆ ಇದು. ಕೇಳಿಸಿಕೊಂಡವಳು ಹೆಂಡತಿ ನಳಿನಿ ಒಬ್ಬಳೇ.

"ಮಿಕ್ಸಿ ಬಿಚ್ಚಿದಾಗ್ಲೂ ಹೀಗೇ ಅಂದಿದ್ರಿ. ಜೋಡಿಸಿದ ಮೇಲೆ ಮೂರು ಸ್ಕ್ರೂ ಉಳಿದಿತ್ತು."

"ಅದು ಮಿಕ್ಸಿ ಕಣೇ. ಇದು ಇತಿಹಾಸ!"

ಇತಿಹಾಸವೆಂದರೆ, ಇಲ್ಲಿನ, ಅಂದರೆ ಅಮೆರಿಕದ, ಅಂತರ್ಯುದ್ಧದ ಕಾಲದ ರಿವಾಲ್ವರಿನ ತದ್ರೂಪು. ತಯಾರಾದದ್ದು ಮಾತ್ರ ಮೊನ್ನೆ ಮೊನ್ನೆ, ಇಟಲಿಯಲ್ಲಿ. ಇದಕ್ಕೆ ಗುಂಡು ಬೇರೆ, ಕರಿಮದ್ದು ಬೇರೆ, ಹಿಂದೆ ಸಿಕ್ಕಿಸುವ ಪುಟ್ಟ ತಾಮ್ರದ ಕೇಪು ಬೇರೆ. ಹಿಂದಕ್ಕೆಳೆದ ಪುಟ್ಟ ಸುತ್ತಿಗೆ ಕೇಪಿನ ಮೇಲೆ ಬಡಿದರೆ ಢಂ! ಅಂಗಡಿಯಲ್ಲಿ ಇದ್ದ ಹಾಗೇ ಇಟ್ಟುಕೊಳ್ಳಲು ನಾನೇನು ಸಾಮಾನ್ಯನೇ? ಮೂರು ವಾರ ಮರದ ಹಿಡಿಯನ್ನು ಉಜ್ಜಿ, ಎಣ್ಣೆ ಕುಡಿಸಿ, ಕನ್ನಡಿಯಂತೆ ಮಾಡಿದೆ. ಒಳಗಿನ ಸ್ಪ್ರಿಂಗನ್ನು ಕಿತ್ತು ಮೆತ್ತನೆಯದನ್ನು ಹಾಕಿದೆ. ಈ ಸಲ ಉಳಿದದ್ದು ಒಂದೇ ಸ್ಕ್ರೂ. ಪ್ರಗತಿಯಲ್ಲವೇ?

ನಳಿನಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಅಮ್ಮ ಇಲ್ಲಿರೋ ಆರು ತಿಂಗಳು ಇದು ಅವರ ಕಣ್ಣಿಗೆ ಬೀಳಕೂಡದು. ಬಿತ್ತೋ, ಅವತ್ತೇ ಅಂಗಡಿಗೆ ವಾಪಸ್!"

ನಮ್ಮ ಅತ್ತೆ ಶಾರದಮ್ಮ ಹೆಗ್ಗಡದೇವನಕೋಟೆ ಕಡೆಯವರು. ಬಿಸ್ಕತ್ತಿನ ಪೊಟ್ಟಣದ ಸಣ್ಣಕ್ಷರವನ್ನೆಲ್ಲ ಕನ್ನಡಕ ಹಾಕಿ ಓದಿ, ಮೊಟ್ಟೆ ಇಲ್ಲವೆಂದು ಖಾತ್ರಿಯಾದ ಮೇಲೇ ಬಾಯಿಗಿಡುವವರು. ಅವರೆದುರಿಗೆ ನಾನು ಹಸುವಿನಂಥ ಅಳಿಯ.

ಒಂದು ಶನಿವಾರ ತಾಯಿ, ಮಗಳು ದೇವಸ್ಥಾನಕ್ಕೆ ಹೊರಟ ತಕ್ಷಣ ನಾನು ಸಹೋದ್ಯೋಗಿ ಭಾಸ್ಕರನ ಜೊತೆ ಶೂಟಿಂಗ್ ರೇಂಜಿಗೆ ಹೋದೆ. ಐದು ಗುಂಡು ತುಂಬಿದ್ದೆ, ಐದೂ ಹಾರಿದವು. ಗುರಿಯ ಹಲಗೆಗೆ ಒಂದು ಗೀರೂ ಬೀಳಲಿಲ್ಲ, ಅದಿರಲಿ. ಆಮೇಲೆ ಸುತ್ತಿಗೆ ಜಪ್ಪಯ್ಯ ಅಂದರೂ ಹಿಂದಕ್ಕೆ ಬರಲಿಲ್ಲ!

"ಅಂಗಡಿಗೆ ಕೊಡಿ ಸಾರ್," ಎಂದ ಭಾಸ್ಕರ.

"ಪರರ ಕೈಗೆ? ಪ್ರಾಣ ಹೋದರೂ ಇಲ್ಲ!"

ಕರಿಮದ್ದಿನ ಮಸಿ ಅವತ್ತೇ ತೊಳೆಯದಿದ್ದರೆ ಕಬ್ಬಿಣವನ್ನು ತಿಂದುಹಾಕುತ್ತದೆ. ಮನೆಗೆ ಬಂದವನೇ ಹಿಡಿ ಬಿಚ್ಚಿಟ್ಟು, ಅಡುಗೆಮನೆಯ ಸಿಂಕಿನಲ್ಲಿ ಕುದಿನೀರು, ಸೋಪು ಹಾಕಿ ತಿಕ್ಕಿದೆ. ಒಣಗಿಸಲು ಓವನ್ನೇ ಸರಿ ಎಂದು ಇಂಟರ್ನೆಟ್ಟಿನ ಪಂಡಿತರು ಹೇಳಿದ್ದರು. ನಮ್ಮ ಓವನ್ನಿನಲ್ಲಿ ಇಂದಿನವರೆಗೆ ಏನೂ ಬೆಂದಿಲ್ಲ. ಅದು ಬಾಣಲೆಗಳ ವಾಸಸ್ಥಾನ. ಅವನ್ನೆಲ್ಲ ಹೊರಗಿಟ್ಟು ರಿವಾಲ್ವರನ್ನು ಒಳಗಿಟ್ಟೆ. ಹದವಾಗಿ ಒಣಗಿತು. ಓವನ್ ಆರಿಸಿದೆ, ತಣ್ಣಗಾಗಲೆಂದು ಕಾದೆ.

ಆದರೆ ಇಂಟರ್ನೆಟ್ಟಿನವರು ಒಂದು ಮಾತು ಹೇಳಿರಲಿಲ್ಲ. ಆ ಮಸಿಗೆ ಬಿಸಿನೀರು ಬಿದ್ದರೆ ಗಂಧಕದ ವಾಸನೆ ಏಳುತ್ತದೆ. ಎಂಥ ವಾಸನೆ? ಸಾಕ್ಷಾತ್ ಮೊಟ್ಟೆ ಬೇಯಿಸಿದ ವಾಸನೆ!

ಅಷ್ಟರಲ್ಲಿ ಬಾಗಿಲು ತೆರೆಯಿತು. ಪ್ರಸಾದದ ಡಬ್ಬಿ ಹಿಡಿದ ಅತ್ತೆ ಹೊಸ್ತಿಲಲ್ಲೇ ನಿಂತರು. ಮೂಗು ಎರಡು ಸಲ ಅರಳಿತು.

"ಅಳಿಯಂದಿರೇ, ಮನೇಲಿ ಮೊಟ್ಟೆ ಬೇಯಿಸಿದ್ರಾ?"

ನಾನು ನಳಿನಿಯನ್ನು ನೋಡಿದೆ. ಅವಳು ಕಣ್ಣಲ್ಲೇ 'ವಾಪಸ್' ಎಂದಳು. ಎದುರಿಗೆ ಎರಡೇ ದಾರಿ: ರಿವಾಲ್ವರ್ ಒಪ್ಪಿಕೊಂಡರೆ ರಿವಾಲ್ವರ್ ಹೋಗುತ್ತದೆ, ಮೊಟ್ಟೆ ಒಪ್ಪಿಕೊಂಡರೆ ಮಾನ ಹೋಗುತ್ತದೆ. ಮಾನಕ್ಕೆ ನಾನು ಮೂರು ವಾರ ಎಣ್ಣೆ ಕುಡಿಸಿರಲಿಲ್ಲ.

"ಹೌದು ಅತ್ತೆ. ಎರಡೇ ಎರಡು."

"ಎರಡು!"

ಸುಳ್ಳು ಗಟ್ಟಿಯಾಗಿ ನಿಲ್ಲಲೆಂದು ವಿವರವನ್ನೂ ಸೇರಿಸಿದೆ. "ನಡುವೆ ಸೀಳಿ, ಉಪ್ಪು, ಮೆಣಸಿನ ಪುಡಿ ಉದುರಿಸಿ, ಎರಡು ಹನಿ ನಿಂಬೆ ಹಿಂಡಿ..."

ನಳಿನಿ ಬಾಯಿ ತೆರೆದವಳು ಮುಚ್ಚಲಿಲ್ಲ. ಅತ್ತೆ ಸೀದಾ ಅಡುಗೆಮನೆಗೆ ನಡೆದರು. ಕಟ್ಟೆಯ ಮೇಲೆ ಹರಡಿದ್ದ ಬಾಣಲೆಗಳನ್ನು ನೋಡಿ, "ಇವೆಲ್ಲ ಯಾಕೆ ಹೊರಗೆ ಬಂದಿವೆ?" ಎಂದು ಓವನ್ನಿನ ಹಿಡಿಗೆ ಕೈಹಾಕಿದರು.

"ಅತ್ತೆ, ಬೇಡ!"

ತೆರೆದೇಬಿಟ್ಟರು. ತಟ್ಟೆಯ ಮೇಲೆ ನನ್ನ ಇತಿಹಾಸ ಬೆತ್ತಲೆಯಾಗಿ ಮಲಗಿತ್ತು.

ಕಿರುಚುತ್ತಾರೆ ಎಂದುಕೊಂಡೆ. ಅವರು ಸೆರಗಿನಲ್ಲಿ ಹಿಡಿದು ಎತ್ತಿಕೊಂಡು, ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ, ಗುಂಡು ತುಂಬುವ ಒಂದೊಂದು ತೂತನ್ನೂ ಬೆಳಕಿಗೆ ಹಿಡಿದು ನೋಡಿದರು.

"ಖಾಲಿ ಇದೆ. ಕೇಪಿನ ಕೋವಿ ಅಲ್ವಾ? ಕುದುರೆ ಯಾಕೆ ಬರ್ತಿಲ್ಲ?"

ಸುತ್ತಿಗೆಗೆ ಅವರು ಕುದುರೆ ಎನ್ನುತ್ತಿದ್ದರು!

"ಅದು... ಇಟಲಿಯವರ ಸ್ಪ್ರಿಂಗಿನ ದೋಷ," ಎಂದೆ.

"ದೋಷವೂ ಇಲ್ಲ, ಮಣ್ಣೂ ಇಲ್ಲ. ಒಡೆದ ಕೇಪಿನ ಚೂರು ಒಳಗೆ ಬಿದ್ದಿದೆ." ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಸಂದಿಯಲ್ಲಿ ಒಮ್ಮೆ ಕೆದಕಿದರು. ತಾಮ್ರದ ಚೂರು ಟಣ್ ಎಂದು ಸಿಂಕಿಗೆ ಬಿತ್ತು. ಕುದುರೆ ಸರಕ್ಕನೆ ಹಿಂದಕ್ಕೆ ಬಂತು!

ನನ್ನ ಭೀಷ್ಮ ಪ್ರತಿಜ್ಞೆ ಒಂದು ಸೇಫ್ಟಿ ಪಿನ್ನಿಗೆ ಸೋತಿತ್ತು.

"ಅಮ್ಮಾ, ನಿನಗೆ ಇದೆಲ್ಲ ಹೇಗೆ ಗೊತ್ತು?" ನಳಿನಿ ಸಿಂಕಿನ ಬಳಿಗೇ ಬಂದು ಕೇಳಿದಳು.

"ರಾಗಿ ಹೊಲಕ್ಕೆ ಹಂದಿ ಬರ್ತಿತ್ತಲ್ಲ. ನಮ್ಮಪ್ಪ ಬರೀ ಮದ್ದು ತುಂಬಿ ಶಬ್ದ ಮಾಡಿ ಓಡಿಸೋರು. ಬೆಳಿಗ್ಗೆ ಕೋವಿ ತೊಳೆಯೋ ಕೆಲಸ ನಂದು. ನೀನು ಹುಟ್ಟೋ ಮುಂಚೇನೇ ಅದನ್ನ ಠಾಣೆಗೆ ಒಪ್ಪಿಸಿದ್ರು." ಆಮೇಲೆ ಹಿಡಿಯನ್ನು ಎತ್ತಿ ನೋಡಿ, "ಇದೇನಿದು, ಲಟ್ಟಣಿಗೆ ಹಾಗೆ ಜಾರತ್ತೆ? ಸ್ವಲ್ಪ ಒರಟು ಮಾಡಿ," ಎಂದರು. ಮೂರು ವಾರದ ಶ್ರಮಕ್ಕೆ ಸಿಕ್ಕ ಪ್ರಶಸ್ತಿ!

ಆಗ ನನಗೆ ಹೊಳೆಯಿತು. "ಅತ್ತೆ, ಹಾಗಾದ್ರೆ ಈ ವಾಸನೆ..."

"ಬಾಗಿಲಲ್ಲೇ ಗೊತ್ತಾಯ್ತು. ಅಳಿಯಂದಿರು ನಿಜ ಹೇಳ್ತಾರಾ ನೋಡೋಣ ಅಂತ ಮೊಟ್ಟೆ ಅಂದೆ."

ನನಗೆ ಹೋದ ಜೀವ ಬಂತು. ರಿವಾಲ್ವರೂ ಉಳಿಯಿತು, ಮಾನವೂ ಉಳಿಯಿತು! "ಅಂದ್ರೆ ನಾನು ಮೊಟ್ಟೆ ತಿಂದಿಲ್ಲ ಅಂತ ನಿಮಗೆ ಗೊತ್ತು!"

"ಇವತ್ತು ತಿಂದಿಲ್ಲ ಅಂತ ಗೊತ್ತು," ಎಂದರು ಅತ್ತೆ, ಪಿನ್ನನ್ನು ಮತ್ತೆ ಬಳೆಗೆ ಸಿಕ್ಕಿಸುತ್ತಾ. "ಆದ್ರೆ ನಡುವೆ ಸೀಳೋದು, ಎರಡೇ ಹನಿ ನಿಂಬೆ ಹಿಂಡೋದು... ಅದನ್ನೆಲ್ಲ ಎಲ್ಲಿ ಕಲಿತ್ರಿ?"

ನಳಿನಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಪಕ್ಕದೂರು ಫಾರ್ಮರ್ಸ್ ಬ್ರಾಂಚಿನ ನಮ್ಮ ಆಫೀಸ್ ಕ್ಯಾಂಟೀನು, ಅಲ್ಲಿನ ನನ್ನ ಏಳು ವರ್ಷದ ಶುಕ್ರವಾರಗಳು ಕಣ್ಣ ಮುಂದೆ ಸಾಲಾಗಿ ಬಂದು ನಿಂತವು.

"ಹೇಳ್ರೀ, ಎಲ್ಲಿ ಕಲಿತ್ರಿ?"

ರಿವಾಲ್ವರಿನ ಕುದುರೆ ಸರಾಗವಾಗಿ ಆಡುತ್ತಿತ್ತು. ನನ್ನ ನಾಲಿಗೆ ಮಾತ್ರ ಅಲುಗಲಿಲ್ಲ!